ಕಾಣುವ ಚಿತ್ರ, ಕಾಣದ ಸಂಬಂಧ: ಟೆಲಿವಿಷನ್ನಿನಲ್ಲಿ ಅರ್ಥಶಾಸ್ತ್ರದ ನಿರೂಪಣೆ

ಅರ್ಥಶಾಸ್ತ್ರವು ಪ್ರಧಾನವಾಗಿ ಸಂಬಂಧಗಳ ಶಾಸ್ತ್ರ. ಬೆಲೆಗೂ ಬೇಡಿಕೆಗೂ, ಉಳಿತಾಯಕ್ಕೂ ಹೂಡಿಕೆಗೂ, ಹಣದ ಪ್ರಮಾಣಕ್ಕೂ ಬೆಲೆಗಳ ಮಟ್ಟಕ್ಕೂ ಇರುವ ಸಂಬಂಧಗಳೇ ಅದರ ವಿಷಯ. ಇವುಗಳಲ್ಲಿ ಯಾವುದೂ ಕಣ್ಣಿಗೆ ಕಾಣುವಂಥದಲ್ಲ. ಸಂತೆಯಲ್ಲಿ ಜೋಳದ ರಾಶಿ ಕಾಣುತ್ತದೆ, ಕೊಳ್ಳುವವನು ಕಾಣುತ್ತಾನೆ, ಕೈಯಿಂದ ಕೈಗೆ ಹೋಗುವ ನೋಟು ಕಾಣುತ್ತದೆ. ಕಳೆದ ವಾರಕ್ಕಿಂತ ಈ ವಾರ ಜೋಳದ ಬೆಲೆ ಏಕೆ ಏರಿತೆಂಬುದು ಮಾತ್ರ ಕಾಣುವುದಿಲ್ಲ. ಟೆಲಿವಿಷನ್ನಾದರೋ ಕಾಣುವುದನ್ನು ಆಶ್ರಯಿಸಿ ನಿಂತಿರುವ ಮಾಧ್ಯಮ. ಹೀಗಿರುವಲ್ಲಿ, ಕಾಣದ ಸಂಬಂಧವನ್ನು ಕಾಣುವ ಚಿತ್ರದ ಮೂಲಕ ಬೋಧಿಸಹೊರಟವರು ಯಾವ ಉಪಾಯಗಳನ್ನು ಕೈಕೊಂಡರು, ಆ ಉಪಾಯಗಳಿಂದ ಶಾಸ್ತ್ರಕ್ಕೆ ಒದಗಿದ ಲಾಭವೆಷ್ಟು, ತಪ್ಪಿಹೋದುದೆಷ್ಟು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ವಿವೇಚಿಸುವೆವು.

ಇದು ಕೇವಲ ಕುತೂಹಲದ ವಿಚಾರವಲ್ಲ. ಇಂದಿನ ವಿದ್ಯಾರ್ಥಿಗಳಲ್ಲಿ ಅನೇಕರು ಆಡಮ್ ಸ್ಮಿತ್, ಮಾರ್ಕ್ಸ್, ಕೇನ್ಸ್ ಮೊದಲಾದವರ ಹೆಸರುಗಳನ್ನು ಗ್ರಂಥಾಲಯಕ್ಕಿಂತ ಮುಂಚೆ ಪರದೆಯ ಮೇಲೆ ಕಾಣುತ್ತಾರೆ. ದಶಕಗಳ ಹಿಂದೆ ತಯಾರಾದ ಸರಣಿಗಳು ಈಗಲೂ ಅವರ ಕೈಯ ದೂರವಾಣಿಯಲ್ಲಿಯೇ ದೊರೆಯುತ್ತವೆ. ಯೋಜನಾಬದ್ಧ ಅರ್ಥವ್ಯವಸ್ಥೆ ಸರಿಯೆ, ಮುಕ್ತ ವ್ಯಾಪಾರ ಸರಿಯೆ ಎಂಬಂಥ ಗುರುತರ ಪ್ರಶ್ನೆಗಳಲ್ಲಿ ಅವರ ಅಭಿಪ್ರಾಯವು ಕೆಲವು ನಿಮಿಷಗಳ ಚಿತ್ರದಿಂದ ರೂಪುಗೊಳ್ಳುವುದುಂಟು. ಆದಕಾರಣ ಚಿತ್ರವು ಯಾವುದನ್ನು ಸಿದ್ಧಪಡಿಸಬಲ್ಲದು, ಯಾವುದನ್ನು ಸಿದ್ಧಪಡಿಸಲಾರದು ಎಂಬ ವಿವೇಕವು ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಸಮಾನವಾಗಿ ಅಗತ್ಯ.

ನಮ್ಮ ಪರಿಶೀಲನೆಗೆ ನಾಲ್ಕು ಸರಣಿಗಳನ್ನೂ, ಪ್ರತಿದಿನದ ವಾಣಿಜ್ಯ ವಾರ್ತಾಪ್ರಸಾರವನ್ನೂ ಆರಿಸಿಕೊಂಡಿದ್ದೇವೆ. ಇವುಗಳಲ್ಲಿ ಐದು ಬಗೆಯ ನಿರೂಪಣಾ ವಿಧಾನಗಳು ಸ್ಪಷ್ಟವಾಗಿ ಕಾಣಬರುತ್ತವೆ. ಕಲ್ಪಿತ ನಿದರ್ಶನ, ಆಯ್ದ ನಿದರ್ಶನ, ಕಾರ್ಯಕಾರಣಗಳ ಸರಪಳಿ, ಸಾಕ್ಷಿಗಳ ಹೇಳಿಕೆ, ಚಲಿಸುವ ಅಂಕಿ ಎಂದು ಅವನ್ನು ಕರೆಯಬಹುದು.

೧. ಕಲ್ಪಿತ ನಿದರ್ಶನ

ಬ್ರಿಟನ್ನಿನ ಬಿ.ಬಿ.ಸಿ. ಸಂಸ್ಥೆಯು ೧೯೬೯ರಲ್ಲಿ ಕೆನೆತ್ ಕ್ಲಾರ್ಕರ 'ಸಿವಿಲೈಸೇಷನ್' ಸರಣಿಯನ್ನೂ, ೧೯೭೩ರಲ್ಲಿ ಜೇಕಬ್ ಬ್ರೊನೊವ್‌ಸ್ಕಿಯವರ 'ದಿ ಅಸೆಂಟ್ ಆಫ್ ಮ್ಯಾನ್' ಸರಣಿಯನ್ನೂ ಪ್ರಸಾರಮಾಡಿತು. ಮೊದಲನೆಯದು ಕಲೆಯ ಇತಿಹಾಸ, ಎರಡನೆಯದು ವಿಜ್ಞಾನದ ಇತಿಹಾಸ. ಎರಡರಲ್ಲಿಯೂ ಹದಿಮೂರು ಕಂತುಗಳು. ವಿದ್ವಾಂಸನೊಬ್ಬನು ದೇಶದಿಂದ ದೇಶಕ್ಕೆ ಸಂಚರಿಸುತ್ತ, ಪ್ರೇಕ್ಷಕರನ್ನು ನೇರವಾಗಿ ಸಂಬೋಧಿಸಿ ಒಂದು ವಿಚಾರಸರಣಿಯನ್ನು ಮಂಡಿಸುವ ಪದ್ಧತಿ ಇವುಗಳಿಂದ ನೆಲೆಗೊಂಡಿತು. ಆದರೆ ಕ್ಲಾರ್ಕರಿಗೆ ತೋರಿಸಲು ದೇವಾಲಯಗಳೂ ಚಿತ್ರಪಟಗಳೂ ಇದ್ದುವು. ಬ್ರೊನೊವ್‌ಸ್ಕಿಯವರಿಗೆ ಯಂತ್ರಗಳೂ ಪ್ರಯೋಗಗಳೂ ಇದ್ದುವು. ಅದೇ ಪದ್ಧತಿಯನ್ನು ೧೯೭೭ರಲ್ಲಿ 'ದಿ ಏಜ್ ಆಫ್ ಅನ್‌ಸರ್ಟನ್ಟಿ', ಎಂದರೆ 'ಅನಿಶ್ಚಿತತೆಯ ಯುಗ', ಎಂಬ ಸರಣಿಯ ಮೂಲಕ ಅರ್ಥಶಾಸ್ತ್ರಕ್ಕೆ ಅನ್ವಯಿಸಿದಾಗ ತೋರಿಸುವುದೇನನ್ನು ಎಂಬ ತೊಡಕು ಎದುರಾಯಿತು.

ಈ ಸರಣಿಯ ನಿರೂಪಕರು ಹಾರ್ವರ್ಡ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರೂ, ೧೯೬೧ರಿಂದ ೧೯೬೩ರವರೆಗೆ ಭಾರತದಲ್ಲಿ ಅಮೆರಿಕದ ರಾಯಭಾರಿಗಳೂ ಆಗಿದ್ದ ಜಾನ್ ಕೆನೆತ್ ಗಾಲ್‌ಬ್ರೇತ್. ಬೃಹತ್ ಉದ್ಯಮ ಸಂಸ್ಥೆಗಳು ಮಾರುಕಟ್ಟೆಗೆ ಅಧೀನವಾಗಿರುವುದಿಲ್ಲ, ತಾವೇ ಯೋಜನೆಗಳನ್ನು ಹಾಕಿಕೊಂಡು ಬೇಡಿಕೆಯನ್ನು ರೂಪಿಸುತ್ತವೆ ಎಂಬುದು ಅವರ ಪ್ರಸಿದ್ಧವಾದ ವಾದ. ಇದನ್ನು ಪರದೆಗೆ ತರಲು ಅವರು 'ಯೂನಿಫೈಡ್ ಗ್ಲೋಬಲ್ ಎಂಟರ್‌ಪ್ರೈಸಸ್' ಎಂಬ, ಲೋಕದಲ್ಲಿ ಎಲ್ಲಿಯೂ ಇಲ್ಲದ, ಒಂದು ಸಂಸ್ಥೆಯನ್ನು ಕಲ್ಪಿಸಿಕೊಂಡರು. ಉಪಾಯವು ಶಾಸ್ತ್ರಕ್ಕೆ ಹೊಸದೇನೂ ಅಲ್ಲ. ಆಲ್‌ಫ್ರೆಡ್ ಮಾರ್ಷಲರು ೧೮೯೦ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ 'ಪ್ರಾತಿನಿಧಿಕ ಸಂಸ್ಥೆ'ಯ ಕಲ್ಪನೆಯನ್ನು ತಂದುದು ಇದೇ ಉದ್ದೇಶದಿಂದ. ಅನೇಕ ಸಂಸ್ಥೆಗಳ ಸಮಾನ ಲಕ್ಷಣಗಳನ್ನು ಒಂದೆಡೆ ಕೂಡಿಸಿ, ಆಕಸ್ಮಿಕವಾದುದನ್ನು ಬಿಟ್ಟು, ಸಾರವಾದುದನ್ನು ತೋರಿಸಲು ಇದರಿಂದ ಸಾಧ್ಯವಾಗುತ್ತದೆ.

ಆದರೆ ಕಲ್ಪಿತ ನಿದರ್ಶನಕ್ಕೆ ಒಂದು ಸಹಜವಾದ ದೋಷವಿದೆ: ಅದು ತನ್ನನ್ನು ಸೃಷ್ಟಿಸಿದವನ ಮಾತನ್ನು ಎಂದಿಗೂ ಮೀರುವುದಿಲ್ಲ. ನಿಜವಾದ ಸಂಸ್ಥೆಗಳು ಹೀಗೆ ವಿಧೇಯವಾಗಿರುವುದಿಲ್ಲ. ಅಮೆರಿಕದ ಫೋರ್ಡ್ ಸಂಸ್ಥೆಯು ಅಪಾರ ವೆಚ್ಚದಿಂದ ಸಿದ್ಧಪಡಿಸಿ, ಭಾರಿ ಜಾಹೀರಾತಿನೊಡನೆ ೧೯೫೭ರಲ್ಲಿ ಮಾರುಕಟ್ಟೆಗೆ ತಂದ 'ಎಡ್ಸೆಲ್' ಮೋಟಾರು ವಾಹನವನ್ನು ಜನರು ಕೊಳ್ಳಲಿಲ್ಲ. ೧೯೫೯ರಲ್ಲಿ ಅದರ ತಯಾರಿಕೆಯನ್ನೇ ನಿಲ್ಲಿಸಬೇಕಾಯಿತು. ಈ ಒಂದು ಘಟನೆಯಿಂದ ಗಾಲ್‌ಬ್ರೇತರ ವಾದವು ಪೂರ್ತಿಯಾಗಿ ಬಿದ್ದುಹೋಯಿತೆಂದು ನಾವು ಹೇಳುವುದಿಲ್ಲ. ಆದರೆ ಕಲ್ಪಿತ ಸಂಸ್ಥೆಯ ಕಥೆಯಲ್ಲಿ ಇಂಥ ಅಪವಾದಕ್ಕೆ ಪ್ರವೇಶವೇ ಇಲ್ಲವೆಂಬುದನ್ನು ಗಮನಿಸಬೇಕು. ಪುಸ್ತಕದಲ್ಲಿ ಕಲ್ಪಿತ ಸಂಸ್ಥೆಯು ಕಲ್ಪಿತವಾಗಿಯೇ ಉಳಿಯುತ್ತದೆ. ಪರದೆಯ ಮೇಲೆ ಅದಕ್ಕೆ ಆಕಾರ ಬಂದೊಡನೆ, ಅದು ವಾದವೆಂಬುದನ್ನು ಮರೆತು ವಸ್ತುವೆಂದೇ ನೋಡುಗನು ಭಾವಿಸತೊಡಗುತ್ತಾನೆ.

೨. ಆಯ್ದ ನಿದರ್ಶನ

ಗಾಲ್‌ಬ್ರೇತರ ವಿಚಾರಗಳನ್ನು ತೀವ್ರವಾಗಿ ವಿರೋಧಿಸುತ್ತಿದ್ದ ಷಿಕಾಗೊ ಪಂಥದ ಮಿಲ್ಟನ್ ಫ್ರೀಡ್‌ಮನ್ ೧೯೭೬ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದಿದ್ದರು. ಅವರ 'ಫ್ರೀ ಟು ಚೂಸ್' ಎಂಬ ಹತ್ತು ಕಂತುಗಳ ಸರಣಿಯು ೧೯೮೦ರಲ್ಲಿ ಅಮೆರಿಕದ ಸಾರ್ವಜನಿಕ ಪ್ರಸಾರ ಜಾಲದಲ್ಲಿ ಪ್ರಸಾರವಾಯಿತು. ಅವರ ವಿಧಾನ ಗಾಲ್‌ಬ್ರೇತರದಕ್ಕೆ ವಿರುದ್ಧವಾದುದು. ಅವರು ಕಲ್ಪಿಸುವುದಿಲ್ಲ, ಆರಿಸುತ್ತಾರೆ.

ಮೊದಲನೆಯ ಕಂತಿನಲ್ಲಿ ಅವರು ಒಂದು ಸಾಮಾನ್ಯ ಪೆನ್ಸಿಲನ್ನು ಕೈಯಲ್ಲಿ ಹಿಡಿಯುತ್ತಾರೆ. ಅದರ ಮರ ಒಂದು ಕಡೆಯದು, ಗ್ರಾಫೈಟು ಇನ್ನೊಂದು ಕಡೆಯದು, ತುದಿಯ ರಬ್ಬರು ಮಲಯದ್ದು. ಪರಸ್ಪರ ಪರಿಚಯವಿಲ್ಲದ, ಭಾಷೆಯೂ ಧರ್ಮವೂ ಬೇರೆಯಾದ ಸಾವಿರಾರು ಮಂದಿ ಯಾರ ಆಜ್ಞೆಯೂ ಇಲ್ಲದೆ, ಕೇವಲ ಬೆಲೆಗಳ ಸೂಚನೆಯನ್ನು ಅನುಸರಿಸಿ, ಈ ಪೆನ್ಸಿಲಿನ ತಯಾರಿಕೆಯಲ್ಲಿ ಸಹಕರಿಸಿದ್ದಾರೆಂದು ಅವರು ತೋರಿಸುತ್ತಾರೆ. ಲೆನರ್ಡ್ ರೀಡ್ ಎಂಬವರು ೧೯೫೮ರಲ್ಲಿ ಬರೆದ ಪ್ರಬಂಧವೊಂದು ಈ ನಿದರ್ಶನದ ಮೂಲ. ಬೆಲೆಯೆಂಬ ಅಗೋಚರ ವ್ಯವಸ್ಥೆಯನ್ನು ಇಷ್ಟು ಸರಳವಾಗಿ ಗೋಚರಗೊಳಿಸಿದ ಚಿತ್ರಭಾಗಗಳು ವಿರಳ. ತರಗತಿಯಲ್ಲಿ ಒಂದು ಗಂಟೆಯ ಉಪನ್ಯಾಸವು ಮಾಡಲಾರದ ಕೆಲಸವನ್ನು ಇದು ಕೆಲವೇ ನಿಮಿಷಗಳಲ್ಲಿ ಮಾಡುತ್ತದೆ.

ಹಾಗಾದರೆ ಇದರಲ್ಲಿ ಬಿಟ್ಟುಹೋದುದೇನು? ರಬ್ಬರಿನ ಮಾತನ್ನೇ ತೆಗೆದುಕೊಳ್ಳೋಣ. ರಬ್ಬರಿನ ಮರ ಮಲಯಕ್ಕೆ ಸಹಜವಾದುದಲ್ಲ. ೧೮೭೬ರಲ್ಲಿ ಬ್ರೆಜಿಲಿನಿಂದ ಬೀಜಗಳನ್ನು ಲಂಡನ್ನಿನ ಕ್ಯೂ ಉದ್ಯಾನಕ್ಕೆ ಸಾಗಿಸಿ, ಅಲ್ಲಿ ಬೆಳೆಸಿದ ಸಸಿಗಳನ್ನು ಸಿಂಹಳಕ್ಕೂ ಮಲಯಕ್ಕೂ ಕಳುಹಿಸಲಾಯಿತು. ಇದರಲ್ಲಿ ಬ್ರಿಟಿಷ್ ಸರ್ಕಾರದ ನೆರವಿದ್ದುದನ್ನು ಫ್ರೀಡ್‌ಮನ್ನರೂ ಮುಚ್ಚಿಡಲಿಲ್ಲ. ಆದರೆ ತೋಟಗಳಲ್ಲಿ ದುಡಿಯಲು ದಕ್ಷಿಣ ಭಾರತದಿಂದ, ಮುಖ್ಯವಾಗಿ ತಮಿಳುನಾಡಿನಿಂದ, ಕರೆದೊಯ್ಯಲ್ಪಟ್ಟ ಕೂಲಿಕಾರರು ಆ ಪೆನ್ಸಿಲಿನಲ್ಲಿ ಕಾಣುವುದಿಲ್ಲ. ಬೆಲೆಗಳ ಮೂಲಕ ಸಹಕಾರ ಹೇಗೆ ಏರ್ಪಡುತ್ತದೆಂಬುದನ್ನು ಪೆನ್ಸಿಲು ತಿಳಿಸುತ್ತದೆ. ಆ ಸಹಕಾರಕ್ಕೆ ಯಾರು ಯಾವ ಸ್ಥಿತಿಯಲ್ಲಿ ಬಂದು ಸೇರಿದರೆಂಬುದನ್ನು ತಿಳಿಸುವುದಿಲ್ಲ. ಇವೆರಡೂ ಬೇರೆ ಬೇರೆ ಪ್ರಶ್ನೆಗಳು. ಮೊದಲನೆಯದಕ್ಕೆ ದೊರೆತ ಉತ್ತರವನ್ನು ಎರಡನೆಯದಕ್ಕೂ ಉತ್ತರವೆಂದು ಭ್ರಮಿಸಲಾಗದು.

ಎರಡನೆಯ ಕಂತು ನಮಗೆ ಇನ್ನೂ ಹತ್ತಿರದ್ದು. ಅದರಲ್ಲಿ ಫ್ರೀಡ್‌ಮನ್ ಭಾರತದ ಕೈಮಗ್ಗವನ್ನು ತೋರಿಸಿ, ೧೮೬೮ರ ಮೈಜಿ ಪರಿವರ್ತನೆಯ ಅನಂತರದ ಜಪಾನನ್ನು ೧೯೪೭ರ ಅನಂತರದ ಭಾರತದೊಡನೆ ಹೋಲಿಸುತ್ತಾರೆ. ಜಪಾನು ಮುಕ್ತ ವ್ಯಾಪಾರದಿಂದ ಮುಂದುವರಿಯಿತು, ಭಾರತವು ಕೇಂದ್ರೀಯ ಯೋಜನೆಯಿಂದ ಹಿಂದುಳಿಯಿತು ಎಂಬುದು ಅವರ ನಿರ್ಣಯ. ಈ ನಿರ್ಣಯಕ್ಕೆ ಆಧಾರವಿಲ್ಲದಿಲ್ಲ. ೧೮೬೬ರ ಒಪ್ಪಂದದ ಕಾರಣ ಜಪಾನು ಆಮದಿನ ಮೇಲೆ ಸುಮಾರು ಶೇಕಡ ೫ಕ್ಕಿಂತ ಹೆಚ್ಚು ಸುಂಕ ವಿಧಿಸಲಾಗದೆ ಇದ್ದು, ಸುಂಕದ ವಿಷಯದಲ್ಲಿ ಪೂರ್ಣ ಸ್ವಾತಂತ್ರ್ಯವನ್ನು ೧೯೧೧ರಲ್ಲಿ ಪಡೆಯಿತು. ಭಾರತದ ರಾಷ್ಟ್ರೀಯ ವರಮಾನವಾದರೋ ೧೯೫೦ರಿಂದ ೧೯೮೦ರವರೆಗಿನ ಮೂರು ದಶಕಗಳಲ್ಲಿ ವರ್ಷಕ್ಕೆ ಸರಾಸರಿ ಶೇಕಡ ೩.೫ರಷ್ಟು ಮಾತ್ರ ಬೆಳೆಯಿತು.

ಆದರೆ ಎರಡು ದೇಶಗಳನ್ನು ಹೋಲಿಸುವಾಗ ಒಂದು ಅಂಶ ಮಾತ್ರ ಭಿನ್ನವಾಗಿದ್ದು, ಉಳಿದುವೆಲ್ಲ ಸಮಾನವಾಗಿದ್ದರೆ ತಾನೆ ಆ ಅಂಶವನ್ನು ಕಾರಣವೆಂದು ಹೇಳಬಹುದು? ಜಪಾನು ೧೮೭೨ರಲ್ಲಿಯೇ ಶಿಕ್ಷಣ ಶಾಸನವನ್ನು ತಂದಿತು. ಇಪ್ಪತ್ತನೆಯ ಶತಮಾನದ ಮೊದಲ ದಶಕದ ವೇಳೆಗೆ ಅಲ್ಲಿ ಶೇಕಡ ೯೦ಕ್ಕೂ ಹೆಚ್ಚು ಮಕ್ಕಳು ಶಾಲೆಗೆ ದಾಖಲಾಗಿದ್ದರು. ಭಾರತದ ೧೯೫೧ರ ಜನಗಣತಿಯಲ್ಲಿ ಅಕ್ಷರಸ್ಥರು ಶೇಕಡ ೧೮ರಷ್ಟು ಮಾತ್ರ. ಜಪಾನಿನ ಸರ್ಕಾರವೂ ಕೈಕಟ್ಟಿ ಕುಳಿತಿರಲಿಲ್ಲ; ೧೮೭೨ರಲ್ಲಿ ತೊಮಿಯೊಕದಲ್ಲಿ ಫ್ರೆಂಚ್ ಯಂತ್ರಗಳನ್ನು ತರಿಸಿ ಮಾದರಿ ರೇಷ್ಮೆ ಕಾರ್ಖಾನೆಯನ್ನು ತಾನೇ ಸ್ಥಾಪಿಸಿತು. ಇತ್ತ ಭಾರತದ ಕೈಮಗ್ಗದ ಕಥೆಯೂ ಚಿತ್ರದಲ್ಲಿ ಕಾಣುವುದಕ್ಕಿಂತ ಜಟಿಲವಾದುದು. ನೇಕಾರರನ್ನು ರಕ್ಷಿಸುವುದಕ್ಕೆಂದು ೧೯೫೦ರ ದಶಕದಲ್ಲಿ ಗಿರಣಿಗಳ ಮಗ್ಗಗಳ ವಿಸ್ತರಣೆಯನ್ನು ನಿರ್ಬಂಧಿಸಲಾಯಿತು. ಅದರ ಫಲ ಬಹುಮಟ್ಟಿಗೆ ದಕ್ಕಿದ್ದು ಕೈಮಗ್ಗಕ್ಕಲ್ಲ, ನಡುವೆ ತಲೆಯೆತ್ತಿದ ವಿದ್ಯುತ್ ಮಗ್ಗಕ್ಕೆ. ಸರ್ಕಾರದ ನಿಯಂತ್ರಣವು ಉದ್ದೇಶಿಸಿದ ಫಲವನ್ನು ಕೊಡದೆ ಹೋಗಬಹುದೆಂಬ ಫ್ರೀಡ್‌ಮನ್ನರ ಸಾಮಾನ್ಯ ತತ್ತ್ವವನ್ನು ಇದು ಬಲಪಡಿಸುತ್ತದೆ. ಆದರೆ ಕೈಮಗ್ಗದ ಮುಂದೆ ಕುಳಿತ ನೇಕಾರನ ಚಿತ್ರದಿಂದ ಈ ಸಂಗತಿಯನ್ನು ಯಾರೂ ಊಹಿಸಲಾರರು. ಹೀಗೆ ನಿರ್ಣಯದಲ್ಲಿ ಸತ್ಯಾಂಶವಿದ್ದರೂ ಚಿತ್ರವು ಅದಕ್ಕೆ ಪ್ರಮಾಣವಾಗದಿರುವುದು ಸಾಧ್ಯ.

ಈ ಸರಣಿಯ ಒಂದು ಗುಣವನ್ನು ಹೇಳದೆ ಬಿಡಲಾಗದು. ಪ್ರತಿಯೊಂದು ಕಂತಿನ ಚಿತ್ರ ಮುಗಿದೊಡನೆ ಷಿಕಾಗೊ ವಿಶ್ವವಿದ್ಯಾನಿಲಯದಲ್ಲಿ ಫ್ರೀಡ್‌ಮನ್ನರೊಡನೆ ಇತರರು ಕುಳಿತು ಚರ್ಚಿಸುವ ಭಾಗವಿದೆ. ಎರಡನೆಯ ಕಂತಿನ ಚರ್ಚೆಯಲ್ಲಿ ಭಾರತದಲ್ಲಿ ಹುಟ್ಟಿದ ಅರ್ಥಶಾಸ್ತ್ರಜ್ಞ ಜಗದೀಶ ಭಗವತಿಯವರೂ ಇದ್ದರು. ಚಿತ್ರದ ಭಾಗವನ್ನು ಮಾತ್ರ ಕತ್ತರಿಸಿ ತೋರಿಸಿದರೆ ಪೂರ್ವಪಕ್ಷವಿಲ್ಲದ ಸಿದ್ಧಾಂತವನ್ನು ಬೋಧಿಸಿದಂತಾಗುತ್ತದೆ. ಅಧ್ಯಾಪಕರು ಎರಡು ಭಾಗಗಳನ್ನೂ ತೋರಿಸುವುದು ನ್ಯಾಯ.

೩. ಕಾರ್ಯಕಾರಣಗಳ ಸರಪಳಿ

ಬಿ.ಬಿ.ಸಿ.ಯು ೧೯೭೮ರಲ್ಲಿ ಪ್ರಸಾರಮಾಡಿದ ಜೇಮ್ಸ್ ಬರ್ಕರ 'ಕನೆಕ್ಷನ್ಸ್' ಸರಣಿಯ ವಿಷಯ ಹೊಸ ಶೋಧಗಳ ಉಗಮ. ಶೋಧವು ಒಬ್ಬ ಪ್ರತಿಭಾಶಾಲಿಯ ತಲೆಯಲ್ಲಿ ಹಠಾತ್ತನೆ ಹುಟ್ಟುವುದಲ್ಲ. ಬೇರೆ ಬೇರೆ ಉದ್ದೇಶಗಳಿಂದ ಮಾಡಿದ ಬೇರೆ ಬೇರೆ ಕೆಲಸಗಳು ಅನಿರೀಕ್ಷಿತವಾಗಿ ಕೂಡಿಕೊಂಡಾಗ ಹುಟ್ಟುವಂಥದು ಎಂಬುದು ಇದರ ಪ್ರತಿಪಾದನೆ. ಇದರಲ್ಲಿಯೂ ಒಂದು ಮಗ್ಗ ಬರುತ್ತದೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಫ್ರಾನ್ಸಿನ ಜಾಕಾರ್ಡ್ ಎಂಬವನು ಹಾಸಿನ ಎಳೆಗಳಲ್ಲಿ ಯಾವುವು ಮೇಲೇಳಬೇಕೆಂಬುದನ್ನು ತೂತು ಕೊರೆದ ರಟ್ಟುಗಳಿಂದ ನಿರ್ಧರಿಸುವ ಏರ್ಪಾಟನ್ನು ಪ್ರಚಾರಕ್ಕೆ ತಂದನು. ತೂತಿನ ರಟ್ಟಿನ ಅದೇ ಉಪಾಯವನ್ನು ಹರ್ಮನ್ ಹಾಲರಿತ್ ಅಮೆರಿಕದ ೧೮೯೦ರ ಜನಗಣತಿಯ ಲೆಕ್ಕಕ್ಕೆ ಬಳಸಿದನು. ಅಲ್ಲಿಂದ ಅದು ಗಣಕಯಂತ್ರದವರೆಗೆ ಸಾಗಿತು.

ಇಲ್ಲಿ ವಾಚಕರು ಒಂದು ಸಂಗತಿಯನ್ನು ಗಮನಿಸಬೇಕು. ಫ್ರೀಡ್‌ಮನ್ನರ ಚಿತ್ರದಲ್ಲಿ ಮಗ್ಗವು ಸ್ಥಗಿತತೆಯ ಸಂಕೇತ. ಬರ್ಕರ ಚಿತ್ರದಲ್ಲಿ ಅದು ಗಣಕಯಂತ್ರದ ಪೂರ್ವಜ. ಜಪಾನಿನ ಇತಿಹಾಸದಲ್ಲಿ ಇದಕ್ಕೆ ಮೂರನೆಯ ಅರ್ಥವೂ ಉಂಟು. ಸಕಿಚಿ ಟೊಯೊಡರ ಸ್ವಯಂಚಾಲಿತ ಮಗ್ಗದ ಹಕ್ಕುಗಳನ್ನು ೧೯೨೯ರಲ್ಲಿ ಇಂಗ್ಲೆಂಡಿನ ಪ್ಲ್ಯಾಟ್ ಬ್ರದರ್ಸ್ ಸಂಸ್ಥೆಗೆ ಕೊಡಲಾಯಿತು. ಮಗ್ಗದ ಉದ್ಯಮವನ್ನು ನಡೆಸುತ್ತಿದ್ದ ಆ ಮನೆತನದಿಂದಲೇ ೧೯೩೭ರಲ್ಲಿ ಟೊಯೊಟ ಮೋಟಾರು ಸಂಸ್ಥೆಯು ಹೊರಟಿತು. ಮಗ್ಗವೇ ಸ್ವತಃ ಇವುಗಳಲ್ಲಿ ಯಾವ ಮಾತನ್ನೂ ಆಡುವುದಿಲ್ಲ. ಅದರ ಬಾಯಲ್ಲಿ ಮಾತನ್ನಿಡುವವನು ನಿರೂಪಕ.

ಸರಪಳಿಯ ವಿಧಾನದ ದೋಷವೂ ಇಲ್ಲಿಯೇ ಇದೆ. ಅದು ಕೂಡಿಕೊಂಡ ಕೊಂಡಿಗಳನ್ನು ಮಾತ್ರ ತೋರಿಸುತ್ತದೆ. ಎಲ್ಲಿಗೂ ಸಾಗದೆ ನಿಂತುಹೋದ ಅಸಂಖ್ಯಾತ ಪ್ರಯತ್ನಗಳನ್ನು ತೋರಿಸುವುದಿಲ್ಲ. ಆದಕಾರಣ ಶೋಧವು ಆಕಸ್ಮಿಕವೆಂದು ನಿರೂಪಕನು ಬಾಯಲ್ಲಿ ಹೇಳುತ್ತಿದ್ದರೂ, ನೋಡುಗನ ಮನಸ್ಸಿನಲ್ಲಿ ಅದು ಅನಿವಾರ್ಯವಾಗಿತ್ತೆಂಬ ಭಾವನೆಯೇ ನೆಲೆಸುತ್ತದೆ.

೪. ಸಾಕ್ಷಿಗಳ ಹೇಳಿಕೆ

ಡೇನಿಯಲ್ ಯೆರ್ಗಿನ್ ಮತ್ತು ಜೋಸೆಫ್ ಸ್ಟಾನಿಸ್ಲಾ ೧೯೯೮ರಲ್ಲಿ ಪ್ರಕಟಿಸಿದ ಗ್ರಂಥವನ್ನು ಅನುಸರಿಸಿ ೨೦೦೨ರಲ್ಲಿ 'ಕಮ್ಯಾಂಡಿಂಗ್ ಹೈಟ್ಸ್' ಎಂಬ ಮೂರು ಭಾಗಗಳ ಸರಣಿ ಅಮೆರಿಕದಲ್ಲಿ ಪ್ರಸಾರವಾಯಿತು. ಅರ್ಥವ್ಯವಸ್ಥೆಯ ಆಯಕಟ್ಟಿನ ಸ್ಥಾನಗಳು ಎಂಬರ್ಥದ ಈ ಹೆಸರು ೧೯೨೨ರಲ್ಲಿ ಲೆನಿನ್ ಮಾಡಿದ ಭಾಷಣದ ನೆನಪಿನಿಂದ ಬಂದುದು. ಆ ಸ್ಥಾನಗಳು ಸರ್ಕಾರದ ಕೈಯಿಂದ ಮಾರುಕಟ್ಟೆಯ ಕೈಗೆ ಹೇಗೆ ಹೋದುವೆಂಬುದನ್ನು ಈ ಸರಣಿಯು ಆ ಪರಿವರ್ತನೆಯಲ್ಲಿ ಭಾಗವಹಿಸಿದವರ ಬಾಯಿಂದಲೇ ಹೇಳಿಸುತ್ತದೆ. ೧೯೯೧ರಲ್ಲಿ ಭಾರತದ ಅರ್ಥಸಚಿವರಾಗಿದ್ದ ಮನಮೋಹನ ಸಿಂಗರು ಹೀಗೆ ಸಂದರ್ಶನ ಕೊಟ್ಟವರಲ್ಲಿ ಒಬ್ಬರು. ಬೆಂಗಳೂರಿನ ಇನ್‌ಫೋಸಿಸ್ ಸಂಸ್ಥೆಯ ಸ್ಥಾಪಕರಲ್ಲೊಬ್ಬರಾದ ಎನ್. ಆರ್. ನಾರಾಯಣ ಮೂರ್ತಿಯವರು ಇನ್ನೊಬ್ಬರು.

ನೇರ ಸಾಕ್ಷ್ಯದ ಬೆಲೆ ದೊಡ್ಡದು. ಪರವಾನಿಗೆ ಪದ್ಧತಿಯ ಕಾಲದಲ್ಲಿ ಉದ್ಯಮ ನಡೆಸುವುದು ಎಷ್ಟು ಕಷ್ಟವಾಗಿತ್ತೆಂಬುದನ್ನು ಅನುಭವಿಸಿದವರೇ ಹೇಳಿದಾಗ ಅದಕ್ಕೆ ಕೋಷ್ಟಕಗಳಿಗಿಲ್ಲದ ಬಲ ಬರುತ್ತದೆ. ಆದರೆ ಸಾಕ್ಷಿಯು ತಾನು ಕಂಡುದನ್ನು ಮಾತ್ರ ಹೇಳಬಲ್ಲನು. ಬೆಂಗಳೂರಿನ ಉದಾಹರಣೆಯನ್ನು ಪೂರ್ತಿಯಾಗಿ ನೋಡಿದರೆ ಇನ್ನೂ ಕೆಲವು ಸಂಗತಿಗಳನ್ನು ಸೇರಿಸಬೇಕಾಗುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯು ೧೯೦೯ರಲ್ಲಿಯೂ, ಹಿಂದೂಸ್ತಾನ್ ವಿಮಾನ ಕಾರ್ಖಾನೆಯು ೧೯೪೦ರಲ್ಲಿಯೂ, ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ೧೯೪೮ರಲ್ಲಿಯೂ, ಭಾರತ್ ಎಲೆಕ್ಟ್ರಾನಿಕ್ಸ್ ೧೯೫೪ರಲ್ಲಿಯೂ ಇಲ್ಲಿ ನೆಲೆಗೊಂಡುವು. ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯು ೧೯೮೫ರಲ್ಲಿ, ಎಂದರೆ ೧೯೯೧ಕ್ಕೆ ಆರು ವರ್ಷ ಮುಂಚೆಯೇ, ಬೆಂಗಳೂರಿಗೆ ಬಂದಿತು. ಸಾರ್ವಜನಿಕ ವೆಚ್ಚದಿಂದ ತರಬೇತಾದ ಜನ ಇಲ್ಲಿ ಮೊದಲೇ ಇದ್ದರು. ಹಾಗೆಯೇ, ಆ ಜನರ ಶಕ್ತಿಯು ನಿರ್ಬಂಧಗಳು ಸಡಿಲವಾಗುವವರೆಗೆ ಪೂರ್ತಿಯಾಗಿ ಹೊರಬರಲಿಲ್ಲವೆಂಬುದೂ ನಿಜ. ಎರಡು ಸಂಗತಿಗಳನ್ನೂ ಒಟ್ಟಿಗೆ ಹಿಡಿಯದೆ ಬೆಂಗಳೂರಿನ ಬೆಳವಣಿಗೆಯನ್ನು ವಿವರಿಸಲಾಗದು. ಒಬ್ಬ ಸಾಕ್ಷಿಯಿಂದ ಎರಡನ್ನೂ ನಿರೀಕ್ಷಿಸುವುದು ಸರಿಯಲ್ಲ. ಕರೆಯದೆ ಉಳಿದ ಸಾಕ್ಷಿಗಳು ಯಾರೆಂದು ಕೇಳುವುದು ನೋಡುಗನ ಹೊಣೆ.

೫. ಚಲಿಸುವ ಅಂಕಿ

ಕೊನೆಯದಾಗಿ ಪ್ರತಿದಿನದ ವಾಣಿಜ್ಯ ಪ್ರಸಾರ. ಬಿ.ಬಿ.ಸಿ.ಯ 'ಮನಿ ಪ್ರೋಗ್ರಾಂ' ೧೯೬೬ರಲ್ಲಿ ಆರಂಭವಾದಾಗಲೂ, ಲೂಯಿಸ್ ರುಕೈಸರರ 'ವಾಲ್ ಸ್ಟ್ರೀಟ್ ವೀಕ್' ೧೯೭೦ರಲ್ಲಿ ಆರಂಭವಾದಾಗಲೂ ಇಂಥ ಕಾರ್ಯಕ್ರಮಗಳು ವಾರಕ್ಕೊಮ್ಮೆ ಬರುವಂಥವಾಗಿದ್ದುವು. ೧೯೮೯ರಲ್ಲಿ ಅಮೆರಿಕದಲ್ಲಿ ಸಿ.ಎನ್.ಬಿ.ಸಿ. ಹುಟ್ಟಿದ ಮೇಲೆ, ಭಾರತದಲ್ಲಿ ೧೯೯೯ರಲ್ಲಿ ಅದೇ ಮಾದರಿಯ ವಾಹಿನಿ ಬಂದ ಮೇಲೆ, ವಾರದ ವಿಮರ್ಶೆಯ ಸ್ಥಾನವನ್ನು ನಿಮಿಷನಿಮಿಷದ ಅಂಕಿ ಆಕ್ರಮಿಸಿತು. ಪರದೆಯ ಅಡಿಯಲ್ಲಿ ಹರಿಯುವ ಪಟ್ಟಿಯೇ ಇಲ್ಲಿ ಮುಖ್ಯ ಚಿತ್ರ.

ಅಂಕಿಯು ಕಲ್ಪಿತವಲ್ಲ, ಯಾರೊಬ್ಬರ ಅಭಿಪ್ರಾಯವೂ ಅಲ್ಲ. ಆದ್ದರಿಂದ ಇದು ಎಲ್ಲಕ್ಕಿಂತ ವಸ್ತುನಿಷ್ಠವೆಂದು ತೋರುತ್ತದೆ. ಆದರೆ ಅಳೆಯಲ್ಪಟ್ಟುದು ಯಾವುದು? ಮುಂಬಯಿಯ 'ಸೆನ್ಸೆಕ್ಸ್' ಸೂಚ್ಯಂಕವು ೧೯೭೮-೭೯ನೆಯ ಸಾಲನ್ನು ೧೦೦ ಎಂದು ಹಿಡಿದು, ೧೯೮೬ರಿಂದ ಪ್ರಕಟವಾಗುತ್ತಿರುವ, ಮೂವತ್ತು ದೊಡ್ಡ ಸಂಸ್ಥೆಗಳ ಷೇರುಗಳ ಲೆಕ್ಕ. ಭಾರತದ ದುಡಿಯುವ ಜನರಲ್ಲಿ ಬಹುಪಾಲು ಮಂದಿಯ ಹೊಲ, ಅಂಗಡಿ, ಮಗ್ಗಗಳು ಈ ಲೆಕ್ಕದ ಹೊರಗಿವೆ. ಕಾಲಮಾನದ ಪ್ರಶ್ನೆಯೂ ಇದೆ. ಷೇರಿನ ಬೆಲೆ ಕ್ಷಣಕ್ಷಣಕ್ಕೂ ದೊರೆಯುತ್ತದೆ, ಬೆಲೆಗಳ ಸೂಚ್ಯಂಕ ತಿಂಗಳಿಗೊಮ್ಮೆ, ರಾಷ್ಟ್ರೀಯ ಉತ್ಪನ್ನದ ಅಂದಾಜು ಮೂರು ತಿಂಗಳಿಗೊಮ್ಮೆ. ಬೇಗ ದೊರೆಯುವ ಅಂಕಿಯೇ ಹೆಚ್ಚು ಕಾಣುತ್ತದೆ. ಹೆಚ್ಚು ಕಾಣುವುದೇ ಹೆಚ್ಚು ಮುಖ್ಯವೆಂಬ ಭಾವನೆ ತಾನಾಗಿ ಬೆಳೆಯುತ್ತದೆ. ಪ್ರತಿಯೊಂದು ಏರಿಳಿತಕ್ಕೂ ಒಡನೆಯೇ ಕಾರಣ ಹೇಳಬೇಕಾದ ಒತ್ತಾಯದಲ್ಲಿ, ಕಾರಣವೇ ಇಲ್ಲದ ಚಲನೆಗೂ ಕಾರಣವೊಂದನ್ನು ಅಂಟಿಸಲಾಗುತ್ತದೆ.

೬. ಬೋಧನೆಯಲ್ಲಿ ಬಳಕೆ

ಇಷ್ಟು ದೋಷಗಳಿರುವುದರಿಂದ ಇಂಥ ಚಿತ್ರಗಳನ್ನು ತರಗತಿಯಿಂದ ದೂರವಿಡಬೇಕೆಂಬುದು ನಮ್ಮ ಅಭಿಪ್ರಾಯವಲ್ಲ. ಪುಸ್ತಕಗಳಲ್ಲಿಯೂ ಈ ದೋಷಗಳೆಲ್ಲ ಉಂಟು. ಪುಸ್ತಕವನ್ನು ಓದುವವನು ನಡುವೆ ನಿಂತು ಹಿಂದಿನ ಪುಟವನ್ನು ತಿರುವಿಹಾಕುತ್ತಾನೆ. ಚಿತ್ರವು ನಿಲ್ಲದೆ ಸಾಗುವುದರಿಂದ ನೋಡುಗನಿಗೆ ಆ ಅಭ್ಯಾಸ ಬೆಳೆದಿರುವುದಿಲ್ಲ. ಅದನ್ನು ಬೆಳೆಸುವುದೇ ಅಧ್ಯಾಪಕರ ಕೆಲಸ.

ಈ ಮಾತು ಕರ್ನಾಟಕಕ್ಕೆ ಅಪರಿಚಿತವಲ್ಲ. ೧೯೭೫ರ ಆಗಸ್ಟ್ ೧ರಿಂದ ಒಂದು ವರ್ಷದವರೆಗೆ ಅಮೆರಿಕದ ಉಪಗ್ರಹವೊಂದರ ನೆರವಿನಿಂದ ಆರು ರಾಜ್ಯಗಳ ಸುಮಾರು ೨,೪೦೦ ಹಳ್ಳಿಗಳಿಗೆ ಶೈಕ್ಷಣಿಕ ಟೆಲಿವಿಷನ್ ತಲಪಿದಾಗ ವಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಅವುಗಳಲ್ಲಿ ಸೇರಿದ್ದುವು. ಬೆಂಗಳೂರಿನಲ್ಲಿ ಟೆಲಿವಿಷನ್ ಕೇಂದ್ರ ತೆರೆಯುವುದಕ್ಕೆ ಮುಂಚಿನ ಮಾತು ಅದು. ಆ ಪ್ರಯೋಗದಲ್ಲಿ ಸಂಶೋಧಕರು ಕೆಲವು ಹಳ್ಳಿಗಳಲ್ಲಿಯೇ ವಾಸವಾಗಿದ್ದು, ಜನರು ಏನನ್ನು ಕಂಡರು, ಏನನ್ನು ಗ್ರಹಿಸಿದರು ಎಂಬುದನ್ನು ಪರಿಶೀಲಿಸಿದರು. ತೋರಿಸಿದುದೆಲ್ಲವೂ ತಿಳಿದಂತೆ ಆಗುವುದಿಲ್ಲವೆಂಬ ಎಚ್ಚರ ಅದರ ಹಿಂದೆ ಇತ್ತು.

ಆ ಎಚ್ಚರವನ್ನು ನಾಲ್ಕು ಪ್ರಶ್ನೆಗಳ ರೂಪದಲ್ಲಿ ತರಗತಿಗೆ ತರಬಹುದೆಂದು ನಮಗೆ ತೋರುತ್ತದೆ. ಪರದೆಯ ಮೇಲಿನ ವಸ್ತು ಯಾವುದರ ಪ್ರತಿನಿಧಿಯಾಗಿ ನಿಂತಿದೆ? ಹೋಲಿಕೆಯಿದ್ದಲ್ಲಿ, ಹೇಳಿದ ಅಂಶವಲ್ಲದೆ ಇನ್ನಾವ ಅಂಶಗಳು ಭಿನ್ನವಾಗಿವೆ? ಮಾತನಾಡಲು ಕರೆಯದೆ ಉಳಿದವರು ಯಾರು? ಅಂಕಿಯು ಯಾವ ಅವಧಿಗೆ, ಯಾರ ಮಟ್ಟಿಗೆ ಸಲ್ಲುತ್ತದೆ? ವಿದ್ಯಾರ್ಥಿಗಳು ಈ ಪ್ರಶ್ನೆಗಳನ್ನು ಗಾಲ್‌ಬ್ರೇತರಿಗೂ ಫ್ರೀಡ್‌ಮನ್ನರಿಗೂ ಸಮನಾಗಿ ಹಾಕಬೇಕು. ತಮಗೆ ಒಪ್ಪಿಗೆಯಾದವರಿಗೆ ಮೊದಲು ಹಾಕಿದರೆ ಇನ್ನೂ ಒಳ್ಳೆಯದು.

ಸಾಧ್ಯವಾದೆಡೆ ಪರದೆಯಿಂದ ಹೊರಕ್ಕೂ ಹೋಗಬೇಕು. ಇಳಕಲ್ಲಿನಲ್ಲಿಯೋ ಗುಳೇದಗುಡ್ಡದಲ್ಲಿಯೋ ಕೈಮಗ್ಗಗಳನ್ನು ಇನ್ನೂ ಕಾಣಬಹುದು. ಸಮೀಪದ ಕಾಲೇಜಿನ ವಿದ್ಯಾರ್ಥಿಗಳು ಫ್ರೀಡ್‌ಮನ್ನರ ಎರಡನೆಯ ಕಂತನ್ನು ನೋಡಿದ ಅನಂತರ ಅಲ್ಲಿಗೆ ಹೋಗಿ, ಒಂದು ಸೀರೆಗೆ ನೂಲು ಎಷ್ಟು, ದಿನಗಳು ಎಷ್ಟು, ಕೂಲಿ ಎಷ್ಟು, ಮನೆಯ ಎಷ್ಟು ಜನರ ದುಡಿಮೆ ಅದರಲ್ಲಿ ಸೇರಿದೆ, ವಿದ್ಯುತ್ ಮಗ್ಗದ ಸೀರೆ ಎಷ್ಟಕ್ಕೆ ಮಾರುತ್ತದೆ ಎಂದು ಕೇಳಿ ಬರೆದುಕೊಳ್ಳಲಿ. ಆ ಲೆಕ್ಕವು ಫ್ರೀಡ್‌ಮನ್ನರ ನಿರ್ಣಯಕ್ಕೆ ಅನುಕೂಲವಾಗಬಹುದು, ಪ್ರತಿಕೂಲವೂ ಆಗಬಹುದು. ಯಾವುದೇ ಆದರೂ, ಆ ನಿರ್ಣಯವನ್ನು ತೂಗಿನೋಡಲು ಅವರ ಕೈಯಲ್ಲಿ ತಮ್ಮದೇ ಆದ ಕೆಲವು ಅಂಕಿಗಳಿರುತ್ತವೆ.